ಎರಡು ಎಕರೆ, ಮೂರು ಕೊಯ್ಲು

ಕೊಡಗಿನ ಈ ಸಭೆಯಲ್ಲಿ ಕೂತಿರುವವರಲ್ಲಿ ಮುಕ್ಕಾಲು ಪಾಲು ಅಪ್ಪಂದಿರು. ಮಕ್ಕಳು ಬೆಂಗಳೂರಲ್ಲೋ ಮೈಸೂರಲ್ಲೋ ಇನ್ನೂ ದೂರದಲ್ಲೋ ಇದ್ದಾರೆ. ನೀವು ಕಾಫಿ ತೋಟ, ಗದ್ದೆ, ಒಂದು ಹಳೇ ಮನೆ, ಎರಡು ನಾಯಿ ಇಟ್ಟುಕೊಂಡು ಇಲ್ಲಿದ್ದೀರಿ. ಇವತ್ತಿನ ಮಾತಿನ ವಿಷಯ ‘ಅಪ್ಪನಾಗಿ ವಯಸ್ಸಾಗುವುದು’ ಎಂದು ಕಾರ್ಡಿನಲ್ಲಿ ಅಚ್ಚಾಗಿದೆ. ನಾನು ಅದನ್ನು ಸ್ವಲ್ಪ ಚಿಕ್ಕದು ಮಾಡಿಕೊಳ್ಳುತ್ತೇನೆ: ಕೈಲಾಗುವಾಗಲೇ ಕೊಡುವುದು ಹೇಗೆ? ಏನನ್ನು ಮೊದಲು, ಏನನ್ನು ಆಮೇಲೆ, ಎಷ್ಟೆಷ್ಟು? ಪ್ರೀತಿಯ ಬಗ್ಗೆ ಮಾತಾಡುವುದಿಲ್ಲ. ಅದು ನಿಮ್ಮಲ್ಲಿ ಇದ್ದೇ ಇದೆ ಎಂದು ಇಟ್ಟುಕೊಳ್ಳೋಣ.

ಮೊದಲು ಕೊಡಬೇಕಾದ್ದು ತಲೆಯಲ್ಲಿರುವುದನ್ನು. ಸ್ಪ್ರಿಂಕ್ಲರ್ ಪೈಪು ಎಲ್ಲಿ ಮಣ್ಣಿನೊಳಗೆ ಇಳಿಯುತ್ತದೆ, ಅದರ ವಾಲ್ವ್ ಯಾವ ಹಲಸಿನ ಬುಡದಲ್ಲಿದೆ, ಬೇಲಿಯಂಚಿನ ಆ ಮೂರು ಸಿಲ್ವರ್ ಓಕ್ ಮರ ನಮ್ಮದೋ ಪಕ್ಕದವರದೋ, ಆಳುಗಳಿರುವ ಲೈನ್ ಮನೆಯಲ್ಲಿ ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ. ಇವೆಲ್ಲ ಒಬ್ಬರ ನೆನಪಿನಲ್ಲಿ ಮಾತ್ರ ಇರುವ ಮನೆಗಳೇ ಹೆಚ್ಚು. ಒಂದು ಪಾರ್ಶ್ವವಾಯು ಹೊಡೆದರೆ ಒಂದೇ ರಾತ್ರಿಯಲ್ಲಿ ಅಷ್ಟಕ್ಕೂ ಬೀಗ ಬೀಳುತ್ತದೆ.

200 ಪುಟದ ಗಟ್ಟಿ ರಟ್ಟಿನ ಪುಸ್ತಕ ತನ್ನಿ. ಎಡಪುಟದಲ್ಲಿ ತೋಟದ ಒಂದೊಂದು ತುಂಡಿನ ಕೈನಕ್ಷೆ, ಬಲಪುಟದಲ್ಲಿ ವಿವರ. ತುಂಡಿಗೆ ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಯಿರಿ, ‘ಕೆರೆ ಮೇಲೆ’, ‘ಗುಡಿ ಹತ್ತಿರ’ ಅಂತ, ಪಕ್ಕದಲ್ಲಿ ಸರ್ವೆ ನಂಬರು. ಬಾಯಲ್ಲಿರುವ ಹೆಸರಿಗೂ ಪಹಣಿಯಲ್ಲಿರುವ ನಂಬರಿಗೂ ಕೊಂಡಿ ತಪ್ಪುವುದರಿಂದಲೇ ಅರ್ಧ ಜಗಳ ಹುಟ್ಟುವುದು. ನೆಟ್ಟ ವರ್ಷ, ತಳಿ (ಅರೇಬಿಕಾ ಆದರೆ ಎಸ್. 795 ಇದೆಯೋ ಚಂದ್ರಗಿರಿಯೋ, ರೋಬಸ್ಟಾ ಆದರೆ ಹಳೇ ಪೆರಡೇನಿಯವೋ ಸಿ×ಆರ್ ತಳಿಯೋ), ಮೋಟಾರಿನ ಎಚ್‌ಪಿ, ಮೀಟರಿನ ಆರ್.ಆರ್. ನಂಬರು, ಪೈಪಿನ ಅಳತೆ. ಮುಂಗಡಕ್ಕೆ ಬೇರೆ ಪುಟ ಇರಲಿ, ಕೊಟ್ಟವರು ತೆಗೆದುಕೊಂಡವರು ಇಬ್ಬರ ಸಹಿಯೂ ಬೀಳಲಿ. ಒಂದು ಎಚ್ಚರಿಕೆ: ನೀವೇ ಕೂತು ಬರೆಯಬೇಡಿ. ನೀವು ನಡೆದು ತೋರಿಸಿ, ಮಗನೋ ಮಗಳೋ ಬರೆಯಲಿ. ನೀವು ಬರೆದ ಪುಸ್ತಕವನ್ನು ಅವರು ಓದುವುದಿಲ್ಲ, ತಾವೇ ಬರೆದದ್ದು ನೆನಪಿನಲ್ಲಿ ಉಳಿಯುತ್ತದೆ. ಡಿಸೆಂಬರ್ ರಜೆಯಲ್ಲಿ ದಿನಕ್ಕೊಂದು ತುಂಡು ಸಾಕು. ಮಳೆಗಾಲದಲ್ಲಿ ಬೇಡ. ಜಿಗಣೆ ಕಿತ್ತುಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ, ಕಾಡು ಬೆಳೆದು ಗಡಿಕಲ್ಲೂ ಕಾಣುವುದಿಲ್ಲ.

ಈಗ ಕೆಲಸ ಕೊಡುವ ವಿಷಯ. ‘ಇನ್ನು ಮೇಲೆ ತೋಟ ನೀನೇ ನೋಡಿಕೋ’ ಎಂದು ಒಂದು ದಿನ ಬೀಗದ ಕೈಗೊಂಚಲು ಎಸೆಯುವುದು ಕೊಡುವುದಲ್ಲ, ಕೋಪ. ‘ನಾನಿರುವ ತನಕ ನೀನು ತಲೆ ಕೆಡಿಸಿಕೊಳ್ಳಬೇಡ’ ಎನ್ನುವುದು ಮೇಲ್ನೋಟಕ್ಕೆ ವಾತ್ಸಲ್ಯ. ಆ ಮಾತು ಕೇಳಿಕೊಂಡು ಬಂದ ಮಗ ನಲವತ್ತೈದನೇ ವಯಸ್ಸಿನಲ್ಲಿ ಮೊದಲ ಸಲ ಗೊಬ್ಬರದ ಬಿಲ್ಲು ನೋಡುತ್ತಾನೆ. ಇವೆರಡರ ನಡುವೆ ಒಂದು ದಾರಿಯಿದೆ: 2 ಎಕರೆ, 3 ಕೊಯ್ಲು. ಅಂದರೆ ಎರಡು ಎಕರೆಯನ್ನು ಮೂರು ಕೊಯ್ಲಿನ ತನಕ ಪೂರ್ತಿ ಅವನ ಕೈಗೆ ಬಿಡುವುದು.

ಮೂರು ಯಾಕೆ? ಕಾಫಿ ಗಿಡ ಹೋದ ವರ್ಷ ಬೆಳೆದ ರೆಕ್ಕೆಯಲ್ಲಿ (ಪಕ್ಕದ ಕೊಂಬೆಯಲ್ಲಿ) ಈ ವರ್ಷ ಫಸಲು ಕೊಡುತ್ತದೆ. ಈ ಏಪ್ರಿಲ್‌ನಲ್ಲಿ ರೋಬಸ್ಟಾಕ್ಕೆ ಗಿಡಕಸಿ (ಬೇಡದ ಕೊಂಬೆ ಕತ್ತರಿಸುವುದು) ಮಾಡಿದರೆ ಮಳೆಗಾಲದಲ್ಲಿ ಹೊಸ ರೆಕ್ಕೆ ಬೆಳೆಯುತ್ತದೆ, ಮುಂದಿನ ಫೆಬ್ರವರಿ–ಮಾರ್ಚ್‌ನಲ್ಲಿ ಹೂವು, ಅದರ ಮುಂದಿನ ಜನವರಿಯಲ್ಲಿ ಕೊಯ್ಲು. ಕತ್ತರಿ ಹಾಕಿದ ದಿನದಿಂದ ಲೆಕ್ಕ ಹಾಕಿ, ಹತ್ತಿರ ಹತ್ತಿರ ಎರಡು ವರ್ಷ. ಮಗ ಮಾಡಿದ್ದು ಸರಿಯೋ ತಪ್ಪೋ ಎಂದು ಗಿಡ ಹೇಳುವುದಕ್ಕೇ ಅಷ್ಟು ದಿನ ಬೇಕು. ಒಂದೇ ವರ್ಷ ನೋಡಿ ‘ಇವನ ಕೈಲಿ ಆಗಲ್ಲ’ ಎಂದು ವಾಪಸು ತೆಗೆದುಕೊಂಡರೆ, ನೀವು ಅಳೆದದ್ದು ನೀವೇ ಮಾಡಿಟ್ಟ ಗಿಡಕಸಿಯ ಫಲವನ್ನು, ಅವನ ಕೆಲಸವನ್ನಲ್ಲ.

ಯಾವ 2 ಎಕರೆ? ತೀರಾ ಒಳ್ಳೆಯದೂ ಬೇಡ, ಹಾಳು ಬಿದ್ದದ್ದೂ ಬೇಡ. ಹಾಳು ತುಂಡು ಕೊಟ್ಟರೆ ಮೂರು ವರ್ಷ ಬರೀ ಖರ್ಚು ನೋಡಿ ಬೇಸತ್ತು ಹೋಗುತ್ತಾನೆ. ನೀರು ಹಾಯುವಂಥದ್ದು, ಜೀಪು ಹೋಗುವಂಥದ್ದು ಇರಲಿ. ಆ ತುಂಡಿನ ಕಾಫಿಯನ್ನು ಕಣದಲ್ಲಿ ಬೇರೆಯೇ ಒಣಗಿಸಿ, ಚೀಲಕ್ಕೆ ಗುರುತು ಹಾಕಿ, ಬೇರೆಯೇ ಮಾರಬೇಕು. ಎಲ್ಲ ಒಟ್ಟಿಗೆ ಸುರಿದರೆ ಲೆಕ್ಕವೂ ಹೋಯಿತು, ಕಲಿಯುವುದೂ ಹೋಯಿತು.

ದುಡ್ಡನ್ನೂ ಕೊಡಬೇಕು. ಬಹಳ ಮನೆಗಳಲ್ಲಿ ಕೆಟ್ಟುಹೋಗುವುದು ಇಲ್ಲೇ. ಜವಾಬ್ದಾರಿ ಮಗನದ್ದು, ಚೆಕ್ ಪುಸ್ತಕ ಅಪ್ಪನದ್ದು. 40 ವರ್ಷದ ಮಗ ಎರಡು ಚೀಲ ಯೂರಿಯಾಕ್ಕೆ ಅಪ್ಪನ ಮುಂದೆ ನಿಲ್ಲಬೇಕು. ವರ್ಷದ ಖರ್ಚನ್ನು ಎರಡು ಕಂತು ಮಾಡಿ ಅವನ ಖಾತೆಗೇ ಹಾಕಿಬಿಡಿ, ಒಂದು ಕೊಯ್ಲು ಮುಗಿದ ಕೂಡಲೇ, ಇನ್ನೊಂದು ಮೇ ತಿಂಗಳ ಗೊಬ್ಬರಕ್ಕೆ ಮೊದಲು. ಸಾಲದೆ ಬಂದರೆ ಕೇಳಲಿ, ಕೊಡಿ, ಸಾಲ ಎಂದು ಪುಸ್ತಕದಲ್ಲಿ ಬರೆಯಿರಿ.

ಕೆಟ್ಟುಹೋಗುವ ಎರಡನೆಯ ಜಾಗ ನಾಲಿಗೆ. ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್ ಬಂದು ‘ಸಣ್ಣ ಸಾವ್ಕಾರ್ರು ಮರಗಸಿ ಇಷ್ಟೇ ಸಾಕು ಅಂತಾರೆ, ನೀವು ಏನು ಹೇಳ್ತೀರಿ?’ ಎಂದು ಕೇಳಿಯೇ ಕೇಳುತ್ತಾನೆ. ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಸವರುವುದು. ಅವನದ್ದು ತಪ್ಪಿಲ್ಲ, ಮೂವತ್ತು ವರ್ಷದ ಅಭ್ಯಾಸ. ಉತ್ತರ ಒಂದೇ: ‘ಆ ತುಂಡು ಅವನದ್ದು, ಅವನನ್ನೇ ಕೇಳು.’ ಆ ಸಾಲನ್ನು ಹೇಳಲು ನಾಲ್ಕೈದು ಸಲ ಕಷ್ಟವಾಗುತ್ತದೆ. ಆಮೇಲೆ ಅವನು ಕೇಳುವುದನ್ನೇ ಬಿಡುತ್ತಾನೆ, ಅದು ಇನ್ನೂ ಕಷ್ಟ. ಆಳುಗಳ ಎದುರು ಒಂದೇ ಒಂದು ದಿನ ಮಗನ ಮಾತನ್ನು ತಿದ್ದಿದಿರೋ, ಆ ವರ್ಷ ಅವನ ಮಾತನ್ನು ಯಾರೂ ಕೇಳುವುದಿಲ್ಲ.

ಹಾಗಾದರೆ ಸುಮ್ಮನೆ ನೋಡುತ್ತಿರಬೇಕೇ? ಮೂರು ವಿಷಯಕ್ಕೆ ಬಾಯಿ ಹಾಕಿ. ಒಂದು, ಮರ ಕಡಿಯುವುದು. ನೆರಳು ಕೊಡುವ ದೊಡ್ಡ ಮರ ಬೀಳಿಸಲು ಅರ್ಧ ಗಂಟೆ ಸಾಕು, ಬೆಳೆಸಲು ಇಪ್ಪತ್ತು ವರ್ಷ ಬೇಕು. ಎರಡು, ಜಾಗ ಅಡವಿಡುವ ಸಾಲ. ಮೂರು, ಆಳುಗಳ ಪ್ರಾಣ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟು ತಂತಿಗೆ ತಗಲಿ ಜೀವ ಹೋಗುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ತಂತಿ ಹಾಯುವ ಸಾಲಿನಲ್ಲಿ ಆ ಏಣಿಯನ್ನು ಎತ್ತಲೇಬಾರದು, ಬಿದಿರಿನ ಒಣ ಏಣಿ ಇರಲಿ, ಕೊಯ್ಯುವ ಹೊತ್ತಿಗೆ ಲೈನ್ ಆಫ್ ಮಾಡಿಸಿಕೊಳ್ಳಿ. ಇದನ್ನು ಮಾತ್ರ ಕಿರುಚಿಯಾದರೂ ಹೇಳಿ. ಉಳಿದದ್ದರಲ್ಲಿ ತಪ್ಪು ಮಾಡಲಿ. ಹೂವಿಗೆ ಒಂದರಿಂದ ಒಂದೂವರೆ ಇಂಚು ನೀರು ಕೊಡುವ ಕಡೆ ಡೀಸೆಲ್ ಉಳಿಸಲು ಅರ್ಧ ಇಂಚು ಕೊಟ್ಟ ಎಂದುಕೊಳ್ಳಿ. ಮೊಗ್ಗು ಸರಿಯಾಗಿ ಬಿಡದೆ ಕೆಂಪಾಗಿ ನಿಲ್ಲುತ್ತದೆ. ಅದನ್ನು ಕಣ್ಣಾರೆ ನೋಡಿದವನು ಮುಂದೆ ನೀರಿನಲ್ಲಿ ಜುಗ್ಗತನ ಮಾಡುವುದಿಲ್ಲ. ನೀವು ಹತ್ತು ವರ್ಷ ಊಟದ ಹೊತ್ತಿನಲ್ಲಿ ಹೇಳಿದರೂ ಆಗದ ಕೆಲಸ ಅದು.

ಊಟದ ಹೊತ್ತು ಅಂದೆ. ತೋಟದ ಲೆಕ್ಕವನ್ನು ವರ್ಷಕ್ಕೆ ಎರಡೇ ಸಲ ಕೂತು ಮಾತಾಡಿ: ಹೂವಾಗಿ ಕಾಯಿ ಕಚ್ಚಿದ ಮೇಲೆ ಒಮ್ಮೆ, ಕಾಫಿ ಮಾರಿದ ಮೇಲೆ ಒಮ್ಮೆ. ಪ್ರತಿ ರಾತ್ರಿ ಕಡುಬಿನ ಜೊತೆ ಮಾತಾಡಿದರೆ ಊಟಕ್ಕೇ ಬರುವುದಿಲ್ಲ.

ಮಗ ಮಗ ಎನ್ನುತ್ತಿದ್ದೇನೆ, ಬಾಯಿಯ ಅಭ್ಯಾಸ. ಮಗಳಿಗೂ ಇದೇ 2 ಎಕರೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳು ಹುಟ್ಟಿನಿಂದಲೇ ಪಾಲುದಾರಳು ಎಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಲೇಬೇಕು ಎಂದೇನೂ ಇಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಹಕ್ಕು ಬಂದಾಯಿತು, ಹ್ಯಾಂಡ್ಲಿಂಗ್ (ಗಿಡಕಸಿಯ ನಂತರ ಬರುವ ಬೇಡದ ಚಿಗುರು ಕೀಳುವುದು) ಎಂದರೇನು, ಚಿಗುರು ಯಾಕೆ ತೆಗೆಯಬೇಕು ಎಂದು ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಚಿಕ್ಕ ಮಕ್ಕಳ ಅಪ್ಪಂದಿರೂ ಹಿಂದಿನ ಸಾಲಿನಲ್ಲಿ ಕಾಣುತ್ತಿದ್ದೀರಿ, ನಿಮಗೊಂದು ಮಾತು. ನಮ್ಮಲ್ಲಿ ಹತ್ತು ಹನ್ನೊಂದು ವರ್ಷಕ್ಕೇ ಹಾಸ್ಟೆಲ್ಲಿಗೆ ಕಳಿಸುವ ರೂಢಿ. ಅದು ಸರಿಯೋ ತಪ್ಪೋ ಎಂದು ಇವತ್ತು ಎಳೆಯುವುದು ಬೇಡ. ರಜೆಗೆ ಬಂದಾಗ ಮಕ್ಕಳನ್ನು ನೆಂಟರ ಹಾಗೆ ನೋಡಿಕೊಳ್ಳಬೇಡಿ, ಅಷ್ಟೇ. ಕೊಯ್ಲಿನ ಸಮಯದಲ್ಲಿ ಸಂಜೆ ತೂಕದ ಹೊತ್ತಿಗೆ ತಕ್ಕಡಿ ಪಕ್ಕ ಕೂರಿಸಿ, ಯಾರು ಎಷ್ಟು ಕೆ.ಜಿ. ಕೊಯ್ದರು ಎಂದು ಅವರೇ ಬರೆಯಲಿ. ಬಟವಾಡೆ ದಿನ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪಟ್ಟಿ) ಕೂಡಿಸಲಿ. ಹದಿಮೂರು ವರ್ಷದ ಮಗು ಒಂದು ವಾರ ಇದನ್ನು ಮಾಡಿದರೆ ಆಳುಗಳ ಹೆಸರು ಗೊತ್ತಾಗುತ್ತದೆ, ತಮ್ಮ ಶೂ ಎಷ್ಟು ಕೆ.ಜಿ. ಹಣ್ಣಿಗೆ ಸಮ ಎಂದೂ ಗೊತ್ತಾಗುತ್ತದೆ. ಇದರಲ್ಲೂ ಒಂದು ಕೆಡುವುದಿದೆ. ಅರವತ್ತು ವರ್ಷದ ಹೆಂಗಸನ್ನು ನೀವು ‘ಏ, ಬಾ ಇಲ್ಲಿ’ ಎಂದು ಕರೆದರೆ ಮಗುವೂ ಹಾಗೇ ಕರೆಯುತ್ತದೆ, ಆ ಪಾಠ ಮೊದಲ ದಿನವೇ ಬರುತ್ತದೆ.

ದೊಡ್ಡ ಮಕ್ಕಳ ಫೋನಿನ ಬಗ್ಗೆ. ಅಪ್ಪನ ಫೋನು ಎಷ್ಟು ಹೊತ್ತು ಎಂದು ನಿಮಗೆ ಗೊತ್ತು. ‘ಊಟ ಆಯ್ತಾ? ಮಳೆ ಉಂಟಾ ಅಲ್ಲಿ? ಹ್ಞೂ, ಅಮ್ಮಂಗೆ ಕೊಡ್ತೇನೆ.’ ಮುಗಿಯಿತು. ಇದನ್ನು ಉದ್ದ ಮಾಡಬೇಕಿಲ್ಲ. ಆದರೆ ಮೂರು ವಿಷಯ ಮುಚ್ಚಿಡಬಾರದು: ಬಿದ್ದದ್ದು, ಹೊಸ ಮಾತ್ರೆ ಶುರುವಾದದ್ದು, ಯಾವುದಕ್ಕಾದರೂ ಸಹಿ ಹಾಕಿದ್ದು. ‘ಮಕ್ಕಳಿಗೆ ಯಾಕೆ ಗಾಬರಿ’ ಎಂದು ಮುಚ್ಚಿಟ್ಟದ್ದು ಹೊರಬಂದ ದಿನದಿಂದ ಅವರು ನಿಮ್ಮ ‘ಚೆನ್ನಾಗಿದ್ದೇನೆ’ಯನ್ನು ನಂಬುವುದಿಲ್ಲ, ನಿಜಕ್ಕೂ ಚೆನ್ನಾಗಿರುವಾಗಲೂ.

ಈಗ ಮೈ. ಇಲ್ಲೇ ಒಂದು ಪರೀಕ್ಷೆ. ಕೈ ಎದೆಗೆ ಕಟ್ಟಿಕೊಳ್ಳಿ, ಕುರ್ಚಿಯಿಂದ ಐದು ಸಲ ಎದ್ದು ಕೂರಿ. ಈಗಲೇ ಬೇಡ, ಮನೆಗೆ ಹೋಗಿ ಮಾಡಿ, ಪಕ್ಕದಲ್ಲಿ ಒಬ್ಬರು ಇರಲಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತೊಡೆಯ ಶಕ್ತಿ ಇಳಿದಿದೆ ಎಂದು ಲೆಕ್ಕ. ತೋಟ ಸುತ್ತುತ್ತೇನಲ್ಲ ಎನ್ನುತ್ತೀರಿ. ಸಮತಟ್ಟಾದ ದಾರಿಯಲ್ಲಿ ನಡೆಯುವುದು ಬೇರೆ, ಕುಕ್ಕರುಗಾಲಿನಿಂದ ಏಳುವುದು ಬೇರೆ. ದಿನಕ್ಕೆ ಎರಡು ಸಲ ಹತ್ತು ಹತ್ತು ಬಾರಿ ಇದನ್ನೇ ಮಾಡುವುದು ಒಳ್ಳೆಯ ಔಷಧಿ.

ನಮ್ಮ ಮನೆಗಳಲ್ಲಿ ಮುದುಕರು ಬೀಳುವ ಜಾಗಗಳು ಹೆಚ್ಚು ಕಡಿಮೆ ಗೊತ್ತಿರುವುದೇ. ಪಾಚಿ ಕಟ್ಟಿದ ಅಂಗಳದ ಕಲ್ಲು, ಎತ್ತರದ ಹೊಸ್ತಿಲು, ಬಚ್ಚಲು. ಪಾಚಿಯನ್ನು ಮಳೆ ಹಿಡಿಯುವ ಮೊದಲು, ಮೇ ಕೊನೆಯಲ್ಲಿ ತೆಗೆಯಬೇಕು. ಬ್ಲೀಚಿಂಗ್ ಪೌಡರ್ ಹಾಕಿ ಒಂದು ಹೊತ್ತು ಬಿಟ್ಟು, ತಂತಿ ಬ್ರಶ್ಶಿನಲ್ಲಿ ಉಜ್ಜಿ. ಜುಲೈಯಲ್ಲಿ ಉಜ್ಜಿದರೆ ವಾರದಲ್ಲಿ ಮತ್ತೆ ಹಸಿರು. ಬಚ್ಚಲಲ್ಲಿ ಹಿಡಿಕಂಬಿ ಹಾಕಿಸುತ್ತಾರೆ, ಒಳ್ಳೆಯದು. ನೆಲದಿಂದ 33ರಿಂದ 36 ಇಂಚು ಎತ್ತರ, ಮುಷ್ಟಿಯೊಳಗೆ ಕೂರುವ ಒಂದೂವರೆ ಇಂಚಿನ ದಪ್ಪ, ಗೋಡೆಗೂ ಕಂಬಿಗೂ ನಡುವೆ ಒಂದೂವರೆ ಇಂಚು. ತಪ್ಪುವುದು ಗೋಡೆಯಲ್ಲಿ. ಹಳೇ ಮನೆಯ ಮಣ್ಣಿನ ಗಾರೆ ಗೋಡೆಗೆ ಪ್ಲಗ್ಗು ಹೊಡೆದು ಸ್ಕ್ರೂ ಹಾಕಿದರೆ ನೋಡಲು ಗಟ್ಟಿ. ಎಪ್ಪತ್ತು ಕೆ.ಜಿ. ಭಾರ ಜೋತುಬಿದ್ದ ದಿನ ಕಂಬಿ, ಗಾರೆ, ಮನುಷ್ಯ ಮೂರೂ ಒಟ್ಟಿಗೆ ಬರುತ್ತವೆ. ಅಂಥ ಗೋಡೆಗೆ ಆಚೆ ಬದಿ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟನ್ನು ಪಾರು ಹಾಯಿಸಬೇಕು. ಟವೆಲ್ ರಾಡು ಹಿಡಿಕಂಬಿಯಲ್ಲ, ಅದನ್ನು ಹಿಡಿದೇ ಬೀಳುತ್ತಾರೆ.

ರಾತ್ರಿ ಎದ್ದ ಕೂಡಲೇ ನಡೆಯಬೇಡಿ. ಬಿ.ಪಿ. ಮಾತ್ರೆ, ಪ್ರಾಸ್ಟೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ನಿಂತಾಗ ರಕ್ತದೊತ್ತಡ ದಿಢೀರ್ ಇಳಿಯಬಹುದು. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ಏಳಿ. ಸಂಜೆ ಎರಡು ಪೆಗ್ ಹಾಕಿದ್ದರೆ ಇನ್ನೊಂದು ನಿಮಿಷ ಜಾಸ್ತಿ. ನಿದ್ದೆ ಮಾತ್ರೆ ಇದ್ದರೆ ಆ ಪೆಗ್ಗೇ ಬೇಡ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲವಾದ್ದರಿಂದ ಮಂಚದಿಂದ ಬಚ್ಚಲಿನ ತನಕ ಸೆಲ್ ಹಾಕುವ, ಯಾರಾದರೂ ಹತ್ತಿರ ಬಂದಾಗ ತಾನೇ ಹತ್ತಿಕೊಳ್ಳುವ ದೀಪ ಎರಡು ಮೂರು ಅಂಟಿಸಿ.

ಕಿವಿಯನ್ನು ಎಲ್ಲರೂ ಕಡೆಗಣಿಸುತ್ತಾರೆ. ವಯಸ್ಸಿಗೆ ಮೊದಲು ಹೋಗುವುದು ಸಣ್ಣ ಕೀರಲು ಶಬ್ದಗಳು: ಮೊಮ್ಮಗುವಿನ ಮಾತು, ಒಣ ಕಡ್ಡಿ ಮುರಿಯುವ ಸದ್ದು. ಮೊಮ್ಮಗುವಿನ ಮಾತು ತಪ್ಪಿದರೆ ಬೇಸರ ಅಷ್ಟೇ. ಬೆಳಿಗ್ಗೆ ಆರಕ್ಕೆ ತೋಟದ ತಿರುವಿನಲ್ಲಿ ಕಡ್ಡಿ ಮುರಿದ ಸದ್ದು ಕೇಳಿಸದಿದ್ದರೆ ಎದುರಿಗೆ ಆನೆ ನಿಂತಿರುತ್ತದೆ. ಕಿವಿ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಮಷೀನು ಹಾಕಿಕೊಂಡರೆ ಮುದುಕನಂತೆ ಕಾಣುತ್ತೇನೆ ಎನ್ನುವವರು, ಮೂರು ಸಲ ‘ಹಾಂ?’ ಎನ್ನುವವನು ಹೇಗೆ ಕಾಣುತ್ತಾನೆ ಎಂದು ಮನೆಯವರನ್ನು ಕೇಳಿ.

ಜೀಪಿನ ಕೀ ಕೊಡುವುದು ಎಲ್ಲಕ್ಕಿಂತ ಕಷ್ಟ. ಇದನ್ನೂ ತುಂಡು ಮಾಡಿ. ಮೊದಲು ರಾತ್ರಿ ಓಡಿಸುವುದನ್ನು ನಿಲ್ಲಿಸಿ, ಕಣ್ಣಿನ ಪೊರೆ ಇದ್ದವರಿಗೆ ಎದುರಿನ ಲೈಟು ಹರಡಿ ರಸ್ತೆಯ ಅಂಚೇ ಕಾಣುವುದಿಲ್ಲ. ಆಮೇಲೆ ಘಾಟಿ, ಆಮೇಲೆ ಮಳೆ. ಸಂತೆಗೆ ಹಗಲು ಹೋಗುವುದನ್ನು ಕೊನೆಯ ತನಕ ಇಟ್ಟುಕೊಳ್ಳಿ. ಅರವತ್ತು ದಾಟಿದ ಮೇಲೆ ಲೈಸೆನ್ಸು ಐದೈದು ವರ್ಷಕ್ಕೆ ನವೀಕರಣ, ವೈದ್ಯರ ಸರ್ಟಿಫಿಕೇಟು ಬೇಕು. ಪರಿಚಯದ ಡಾಕ್ಟರು ನೋಡದೆ ಸಹಿ ಹಾಕಿಕೊಡುವಂತೆ ಮಾಡಿಕೊಳ್ಳಬೇಡಿ.

ಕೋವಿಯ ವಿಷಯ ಬೇರೆ ಊರಿನಲ್ಲಿ ಮಾತಾಡುವಾಗ ಬರುವುದಿಲ್ಲ, ಇಲ್ಲಿ ಬರಲೇಬೇಕು. ಹುಟ್ಟಿದಾಗ ಒಂದು ಗುಂಡು, ಸತ್ತಾಗ ಎರಡು ಗುಂಡು ಹಾರಿಸುವ ನೆಲ ಇದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2029ರ ಅಕ್ಟೋಬರ್ 31ರ ತನಕ ಮುಂದುವರಿಸಿದ್ದಾರೆ. ವಿನಾಯಿತಿ ಇರುವುದು ಲೈಸೆನ್ಸಿಗೆ, ಎಚ್ಚರಿಕೆಗಲ್ಲ. ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ, ಕೀಗಳು ಇಬ್ಬರ ಹತ್ತಿರ. ಮರೆವು ಶುರುವಾದ, ಅಥವಾ ಹೆಂಡತಿ ಹೋದ ಮೇಲೆ ಮಾತು ಬಿಟ್ಟು ಕೂತ ಅಪ್ಪ ಇರುವ ಮನೆಯಲ್ಲಿ ಕೋವಿಯೇ ಬೇಡ. ಕಾಗದಪತ್ರ ಸರಿಮಾಡಿಕೊಂಡು ಅದನ್ನು ಬೇರೆಡೆ ಇಡಿಸಿ. ಕಸಿದುಕೊಂಡ ಹಾಗೆ ಆಗಬಾರದು. ಆಯುಧ ಪೂಜಿಸುವ ನಮ್ಮ ಹಬ್ಬದ ಹೆಸರು ಹೇಳಿ, ‘ಕೈಲ್‌ಪೊಳ್ದಿಗೆ ಮೊಮ್ಮಗ ಪೂಜೆಗೆ ಇಡಲಿ’ ಎಂದು ಅಪ್ಪನ ಕೈಯಿಂದಲೇ ಕೊಡಿಸಬಹುದು. ಮನಸ್ಸು ಕುಗ್ಗಿದವರಿಗೆ 14416 ಎನ್ನುವ ಟೆಲಿ ಮಾನಸ್ ಸಂಖ್ಯೆ ಇದೆ, ಕನ್ನಡದಲ್ಲೇ ಮಾತಾಡಬಹುದು. ಗಂಡಸರು ಕರೆ ಮಾಡುವುದಿಲ್ಲ, ನೀವು ಹಚ್ಚಿ ಕೈಗೆ ಕೊಡಿ.

ಕಾಗದಪತ್ರ. ಇದಕ್ಕೆ ವಕೀಲರೇ ಬೇಕು, ನಾನು ಎಡವುವ ಜಾಗಗಳನ್ನು ಮಾತ್ರ ತೋರಿಸುತ್ತೇನೆ. ವಿಲ್ ಬರೆಯಲು ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಜನ ತಮ್ಮ ಓರಗೆಯ ಗೆಳೆಯರನ್ನೇ ಸಾಕ್ಷಿ ಹಾಕುತ್ತಾರೆ. ವಿಲ್ ಹೊರಗೆ ಬರುವ ಹೊತ್ತಿಗೆ ಅವರೂ ಇರುವುದಿಲ್ಲ. ನಿಮಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರನ್ನು, ಪಾಲು ಇಲ್ಲದವರನ್ನು ಹಾಕಿ.

ಎರಡನೇ ಎಡವು, ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ. ‘ಮಗನಿಗೆ ಜಿಪಿಎ ಮಾಡಿಕೊಟ್ಟಿದ್ದೇನೆ, ನನಗೆ ಏನಾದರೂ ಆದರೆ ಅವನು ನೋಡಿಕೊಳ್ಳುತ್ತಾನೆ’ ಎನ್ನುತ್ತಾರೆ. ನಮ್ಮ ಕಾನೂನಿನಲ್ಲಿ ಕೊಟ್ಟವನು ತೀರಿಕೊಂಡರೂ ಬುದ್ಧಿ ಸ್ಥಿಮಿತ ತಪ್ಪಿದರೂ ಅಧಿಕಾರ ಅಲ್ಲಿಗೆ ಮುಗಿಯುತ್ತದೆ. ಬೇಕಾಗುವ ದಿನವೇ ಅದು ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಬ್ಯಾಂಕ್ ಖಾತೆಯನ್ನು ಹೆಂಡತಿಯ ಜೊತೆ, ಇಬ್ಬರಲ್ಲಿ ಯಾರು ಬೇಕಾದರೂ ನಡೆಸುವಂತೆ, ಈಗಲೇ ಜಂಟಿ ಮಾಡಿ. ನಾಮಿನಿ ಎಂದರೆ ವಾರಸುದಾರ ಅಲ್ಲ, ಹಣ ತೆಗೆದು ಹಕ್ಕಿರುವವರಿಗೆ ಮುಟ್ಟಿಸುವವನು. ಅಣ್ಣತಮ್ಮಂದಿರು ಇದನ್ನು ತಿಳಿಯದೆ ಮಾತು ಬಿಟ್ಟಿದ್ದಾರೆ.

ಮೂರನೆಯದು ಆಸ್ಪತ್ರೆಯಲ್ಲೋ ಕಣ್ಣೀರಿನಲ್ಲೋ ಬರೆದುಕೊಡುವ ದಾನಪತ್ರ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ರದ್ದು ಕೇಳಬಹುದು. ಆ ಷರತ್ತು ಪತ್ರದಲ್ಲೇ ಇರಲಿ. ‘ಮಗನ ಮೇಲೆ ನಂಬಿಕೆ ಇಲ್ಲವೇ’ ಎಂದು ಯಾರಾದರೂ ಕೇಳಿದರೆ, ಸೊಸೆಗೂ ಅಳಿಯನಿಗೂ ನಾಳೆ ಗೊಂದಲ ಬೇಡ ಎಂದು ಹೇಳಿ.

ಜಮ್ಮಾ ಜಾಗದ ಪಹಣಿಯಲ್ಲಿ ಎಂದೋ ತೀರಿಹೋದ ಪಟ್ಟೆದಾರರ (ಮನೆತನದ ಯಜಮಾನರ) ಹೆಸರು ಇನ್ನೂ ಇರುತ್ತದೆ. ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ ಸೇರಿದ್ದನ್ನು ನಿಮ್ಮೊಬ್ಬರದು ಎಂದು ವಿಲ್‌ನಲ್ಲಿ ಬರೆದರೆ ಅದು ಕಾಗದ ಅಷ್ಟೇ. ಮರಣ ಪ್ರಮಾಣಪತ್ರ, ವಂಶವೃಕ್ಷ ಸೇರಿಸಿ ಪೌತಿ ಖಾತೆಯ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸುವ) ಕೆಲಸ ನೀವು ಓಡಾಡುವಾಗಲೇ ಶುರುಮಾಡಿ. ಯಾವ ಅಜ್ಜನ ತಮ್ಮ ಯಾರು ಎಂದು ಹೇಳಬಲ್ಲ ಕೊನೆಯ ತಲೆಮಾರು ಬಹುಶಃ ನೀವೇ. ಎಲ್ಲದರ ಪ್ರತಿ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ, ಬಾಗಿಲ ಹತ್ತಿರದ ಕಪಾಟಿನಲ್ಲಿರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಉಟ್ಟ ಬಟ್ಟೆಯಲ್ಲೇ ಹೊರಟವರನ್ನು ನೋಡಿದ್ದೇವೆ, ಅಟ್ಟದ ಪೆಟ್ಟಿಗೆ ತೆಗೆಯಲು ಪುರುಸೊತ್ತು ಸಿಗುವುದಿಲ್ಲ.

ಮುಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ‘2 ಎಕರೆ ಕೊಡೋಣ, ತೆಗೆದುಕೊಳ್ಳಲು ಯಾರೂ ಬರದಿದ್ದರೆ?’ ಬರದಿರಬಹುದು, ಅದು ಅವರ ಬದುಕು. ಆಗ ಸಾಮಾನ್ಯವಾಗಿ ಮಾಡುವುದು ಫಸಲನ್ನು ಗಿಡದಲ್ಲೇ ಗುತ್ತಿಗೆಗೆ ಕೊಡುವುದು. ಕೊಡಿ, ಕರಾರು ಬಾಯಿಮಾತಿನಲ್ಲಿ ಬೇಡ. ಹಣ್ಣು ಮಾತ್ರ ಕೊಯ್ಯಬೇಕು, ಹಸಿರು ಕಾಯಿ ಉಜ್ಜಿ ಎಳೆಯಬಾರದು, ರೆಕ್ಕೆ ಮುರಿಯಬಾರದು. ಮರ ಮುಟ್ಟಬಾರದು. ಗಿಡದಲ್ಲೂ ನೆಲದಲ್ಲೂ ಉಳಿದ ಕಾಯಿ ಹೆಕ್ಕಿ ಕೊಡಬೇಕು, ಇಲ್ಲದಿದ್ದರೆ ಕಾಯಿಕೊರಕ ಅದರಲ್ಲೇ ಉಳಿದು ಮುಂದಿನ ಫಸಲಿಗೆ ಹತ್ತುತ್ತದೆ. ಗೊಬ್ಬರ ಯಾರ ಖರ್ಚು ಎಂದು ಬರೆಯಿರಿ. ಒಂದು ವರ್ಷದ ಗುತ್ತಿಗೆದಾರ ಮೂರನೇ ವರ್ಷದ ಗಿಡದ ಬಗ್ಗೆ ಯೋಚಿಸುವುದಿಲ್ಲ.

ದೂರ ಇರುವವರಿಗೂ ಒಂದು ಕೆಲಸ ಕೊಡಬಹುದು. ಮಳೆ ಲೆಕ್ಕ. ನಮ್ಮ ತೋಟಗಳಲ್ಲಿ ಈಗಲೂ ಮಳೆಯನ್ನು ಇಂಚು, ಸೆಂಟಿನಲ್ಲೇ ಬರೆಯುತ್ತೇವೆ, 100 ಸೆಂಟಿಗೆ ಒಂದು ಇಂಚು. ಮಾಪಕವನ್ನು ಮರದ ಹನಿ ಬೀಳದ ಬಯಲಿನಲ್ಲಿಡಿ, ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ. ಪುಸ್ತಕ ಬೆಂಗಳೂರಿನಲ್ಲಿ ಮಗಳ ಹತ್ತಿರ ಇರಲಿ. ನೀವು ಅಳೆದು ಹೇಳಬೇಕು, ಅವಳು ಬರೆದುಕೊಂಡು, ಹೋದ ವರ್ಷ ಇದೇ ದಿನ ಎಷ್ಟಿತ್ತು ಎಂದು ವಾಪಸು ಹೇಳಬೇಕು. ಒಂದು ನಿಮಿಷದ ಮಾತು. ಜೂನ್‌ನಲ್ಲಿ ಎಂಟೂವರೆ ದಾಟಿ ಹತ್ತು ನಿಮಿಷವಾದರೂ ನಿಮ್ಮ ಫೋನು ಹೋಗದಿದ್ದರೆ, ಅವಳೇ ಮಾಡುತ್ತಾಳೆ: ‘ಅಪ್ಪಾ, ಇವತ್ತು ಎಷ್ಟು ಸೆಂಟು?’